ಹಪ್ಪಳ ಮೊದಲು ಬರ್ಲಿ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಬೇಸಿಗೆ ರಜೆ ಶುರುವಾದ್ರೆ ಸಾಕು, ಈ ಅಂಕಣಕ್ಕೆ ಬರೋ ಪತ್ರಗಳಲ್ಲಿ ಅರ್ಧಕ್ಕರ್ಧ ಮಕ್ಕಳದ್ದೇ. ಈ ಸಲ ಒಂದೇ ವಿಷಯಕ್ಕೆ ಎಷ್ಟು ಜನ ಬರೆದಿದ್ದಾರೆ ಅಂದ್ರೆ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದನ್ನೊಂದೇ ತಗೊಂಡಿದ್ದೀನಿ, ಸಣ್ಣ ಮಕ್ಕಳನ್ನ ಹೋಟೆಲ್‌ಗೆ ಕರ್ಕೊಂಡು ಹೋಗೋ ವಿಷಯ. ಹೊಸದಾಗಿ ಓದ್ತಿರೋರಿಗೆ ಹೇಳ್ಬೇಕು, ನಾನೂ ನಮ್ಮ ಯಜಮಾನ್ರೂ ವಿರಾಜಪೇಟೇಲಿ 22 ವರ್ಷ ಒಂದು ಸಣ್ಣ ಊಟದ ಹೋಟೆಲ್ ನಡೆಸಿದ್ವಿ, ಗಲ್ಲಾದಲ್ಲಿ ಕೂರ್ತಿದ್ದೋಳು ನಾನೇ, ನಮ್ಮ ಇಬ್ಬರು ಮಕ್ಕಳು ಬೆಳೆದಿದ್ದೂ ಆ ಗಲ್ಲಾ ಪಕ್ಕದ ಬೆಂಚಿನ ಮೇಲೇನೇ. ಹಂಗಾಗಿ ಅಮ್ಮ ಆಗೂ ನೋಡಿದ್ದೀನಿ, ಹೋಟೆಲ್‌ನೋಳಾಗೂ ನೋಡಿದ್ದೀನಿ.

ಪ್ರಶ್ನೆ: ಅಕ್ಕ, ನಮ್ಮದು ನಾಪೋಕ್ಲು ಹತ್ರ. ಮಗನಿಗೆ ಎರಡೂವರೆ ವರ್ಷ. ಹೋದ ತಿಂಗಳು ನಮ್ಮ ಮದುವೆ ದಿನ ಅಂತ ಮಡಿಕೇರೀಲಿ ಒಂದು ಒಳ್ಳೇ ರೆಸ್ಟೋರೆಂಟ್‌ಗೆ ಹೋಗಿದ್ವಿ. ಭಾನುವಾರ ಬೇರೆ, ಟೂರಿಸ್ಟ್ ರಶ್, ಮುಕ್ಕಾಲು ಗಂಟೆ ಆದ್ರೂ ಆರ್ಡರ್ ಬರ್ಲಿಲ್ಲ. ಇವನು ಮೊದ್ಲು ಸ್ಪೂನ್ ತಗೊಂಡು ಟೇಬಲ್ ಬಡಿದ, ಆಮೇಲೆ ನೀರು ಚೆಲ್ಲಿದ, ಆಮೇಲೆ ನೆಲದ ಮೇಲೆ ಮಲ್ಕೊಂಡು ಕಿರುಚೋಕೆ ಶುರು ಮಾಡಿದ. ಪಕ್ಕದ ಟೇಬಲ್ ಹೆಂಗಸು ಎಲ್ರಿಗೂ ಕೇಳೋ ಹಂಗೆ "ಮಕ್ಕಳನ್ನ ಸಂಭಾಳಿಸೋಕೆ ಬರ್ದೇ ಇದ್ರೆ ಮನೇಲಿರ್ಬೇಕು" ಅಂದ್ರು. ಪಾರ್ಸೆಲ್ ಕಟ್ಟಿಸ್ಕೊಂಡು ಬಂದ್ವಿ, ಕಾರಲ್ಲಿ ಕೂತು ಅತ್ತುಬಿಟ್ಟೆ. ನಮ್ಮನೆಯವ್ರು ಇನ್ನು ಅವನಿಗೆ ಐದು ವರ್ಷ ಆಗೋವರೆಗೂ ಹೊರಗಡೆ ಊಟಾನೇ ಬೇಡ ಅಂತಿದ್ದಾರೆ. ನಾನು ಮಗನನ್ನ ಸರಿಯಾಗಿ ಬೆಳೆಸ್ತಿಲ್ವಾ?

ಉತ್ತರ: ತಂಗಿ, ನೀವು ಸರಿಯಾಗೇ ಬೆಳೆಸ್ತಿದ್ದೀರಾ, ಇದನ್ನ ಮೊದ್ಲು ತಲೇಲಿ ಇಟ್ಕೊಳ್ಳಿ. ಎರಡೂವರೆ ವರ್ಷದ ಮಗು, ಹೊಟ್ಟೆ ಹಸಿದಿದೆ, ಮೂಗಿಗೆ ಊಟದ ವಾಸನೆ ಬರ್ತಿದೆ, ಕಣ್ಣೆದುರಿಗೆ ಬೇರೆಯವ್ರ ತಟ್ಟೆಗೆ ಎಲ್ಲಾ ಬರ್ತಿದೆ ತನ್ನ ತಟ್ಟೆಗೆ ಮಾತ್ರ ಬರ್ತಿಲ್ಲ, ಅದೂ 45 ನಿಮಿಷ. ದೊಡ್ಡೋರೇ ಅಷ್ಟೊತ್ತಿಗೆ ಸಪ್ಲೈಯರ್ ಮೇಲೆ ರೇಗ್ತಾರೆ, ಗಲ್ಲಾದಲ್ಲಿ ಕೂತು ದಿನಾ ನೋಡಿದ್ದೀನಿ. ನಮಗೆ "ಏನಪ್ಪಾ ಇನ್ನೆಷ್ಟೊತ್ತು" ಅಂತ ಕೇಳೋಕೆ ಬಾಯಿ ಇದೆ, ಆ ವಯಸ್ಸಿನ ಮಗುಗೆ ಮನಸಲ್ಲಿ ಇರೋದೆಲ್ಲ ಹೇಳೋಷ್ಟು ಮಾತು ಬಂದಿರಲ್ಲ, ಅದಕ್ಕೇ ನೆಲದ ಮೇಲೆ ಬಿದ್ದು ಹೊರಳಾಡುತ್ತೆ. ಒಂದರಿಂದ ಮೂರು-ನಾಲ್ಕು ವರ್ಷದ ತನಕ ಇದು ಎಲ್ಲಾ ಮನೇಲೂ ಇರೋದೇ.

ಆದ್ರೆ ನಿಮ್ಮ ಪತ್ರ ಇನ್ನೊಂದು ಸಲ ಓದಿ ನೋಡಿ. ಮೊದ್ಲು ಸ್ಪೂನ್, ಆಮೇಲೆ ನೀರು, ಆಮೇಲೆ ನೆಲ. ನನ್ನಿಂದ ಆಗ್ತಿಲ್ಲ ಅಂತ ಅವನು ಮೂರು ಸಲ ಹೇಳಿದ್ದಾನೆ. ಸ್ಪೂನ್ ಬಡಿಯೋ ಹೊತ್ತಿಗೇ ನಿಮ್ಮಲ್ಲಿ ಒಬ್ಬರು ಅವನನ್ನ ಎತ್ಕೊಂಡು ಹೊರಗೆ ಜಗಲಿಗೆ ಹೋಗಿದ್ರೆ, ಬಸ್ಸು ತೋರಿಸಿ, ಬೈಕ್ ಎಣಿಸಿ, ಮಳೆ ನೀರು ಮೋರೀಲಿ ಹರಿಯೋದು ನೋಡ್ಕೊಂಡು ಐದು ನಿಮಿಷ ಕಳೆದಿದ್ರೆ ಮೂರನೇದಕ್ಕೆ ಹೋಗ್ತಿರ್ಲಿಲ್ಲ. ನಾನು ನೋಡಿದ ಹಂಗೆ ಈ ವಯಸ್ಸಿನ ಮಕ್ಕಳು ಖಾಲಿ ಟೇಬಲ್ ಮುಂದೆ 15 ನಿಮಿಷ ಕೂತ್ರೆ ಅದೇ ಜಾಸ್ತಿ, ಎದುರಿಗೆ ತಿನ್ನೋಕೆ ಏನಾದ್ರೂ ಇದ್ರೆ ಇನ್ನೊಂದು ಸ್ವಲ್ಪ. ನಮ್ಮ ಹೋಟೆಲ್‌ನಲ್ಲಿ ಒಂದು ಪದ್ಧತಿ ಇತ್ತು, ಸಣ್ಣ ಮಗು ಇರೋ ಟೇಬಲ್‌ಗೆ ಆರ್ಡರ್ ತಗೊಳ್ಳೋ ಮೊದ್ಲೇ ಒಂದು ಹಪ್ಪಳ ಹೋಗ್ತಿತ್ತು. ಮಗು ಆ ಹಪ್ಪಳಾನ ಮೊದ್ಲು ಎರಡೂ ಕೈಯಲ್ಲಿ ಹಿಡ್ಕೊಂಡು ಮುಖದ ಮುಂದೆ ತಂದು ನೋಡುತ್ತೆ, ಒಂದು ಬೆರಳಲ್ಲಿ ಒತ್ತುತ್ತೆ, ಟಪ್ ಅಂತ ಮುರೀತಲ್ಲ, ಆ ಸದ್ದಿಗೆ ಅಮ್ಮನ ಮುಖ ನೋಡುತ್ತೆ, ಆಮೇಲೆ ಚೂರು ಚೂರೇ ಬಾಯಿಗೆ. ಹತ್ತು ನಿಮಿಷ ಹೋಗಿದ್ದೇ ಗೊತ್ತಾಗಲ್ಲ. ನೀವೂ ಕೂತ ತಕ್ಷಣ "ಪಾಪುಗೆ ಒಂದು ಹಪ್ಪಳ, ಸ್ವಲ್ಪ ಅನ್ನ ಮೊದ್ಲು ಕೊಟ್ಬಿಡಿ" ಅಂತ ಕೇಳಿ, ಯಾರೂ ಇಲ್ಲ ಅನ್ನಲ್ಲ.

ಇನ್ನು ಟೈಮ್ ವಿಷಯ. ಮಡಿಕೇರೀಲಿ ಭಾನುವಾರ ಮಧ್ಯಾಹ್ನ ಒಂದರಿಂದ ಮೂರರ ಒಳಗೆ ಮಗು ಕರ್ಕೊಂಡು ಹೋಗ್ಲೇಬೇಡಿ, ನಾವು ಇಲ್ಲಿಯವ್ರು, ವಾರದ ಯಾವ ದಿನ ಬೇಕಾದ್ರೂ ಹೋಗ್ಬಹುದಲ್ವಾ. ಹನ್ನೆರಡು ಗಂಟೆಗೇ ಹೋಗಿ, ಅಡುಗೆ ಆಗ್ತಾನೇ ಇಳಿಸಿರ್ತಾರೆ, ಸಪ್ಲೈಯರ್ ಸುಸ್ತಾಗಿರಲ್ಲ. ಹೊರಡೋ ಮೊದ್ಲು ಫೋನ್ ಮಾಡಿ ಆರ್ಡರ್ ಹೇಳಿದ್ರೆ ಇನ್ನೂ ಒಳ್ಳೇದು. ಮನೇಲೇ ಒಂದು ಬಾಳೆಹಣ್ಣು ತಿನ್ನಿಸ್ಕೊಂಡು ಹೊರಡಿ.

ಆ ಹೆಂಗಸು ಅಂದಿದ್ದು ತಪ್ಪು, ಅಷ್ಟು ಜನರ ಮುಂದೆ ಒಬ್ಬ ತಾಯಿಗೆ ಹಂಗೆ ಹೇಳ್ಬಾರ್ದು. ಆದ್ರೆ ಅವ್ರೂ ದುಡ್ಡು ಕೊಟ್ಟು ಊಟಕ್ಕೆ ಬಂದೋರು, ಒಂದೆರಡು ನಿಮಿಷದ ಅಳು ಯಾರಾದ್ರೂ ಸಹಿಸ್ತಾರೆ, ಅದು ನಿಲ್ಲಲ್ಲ ಅಂತ ಗೊತ್ತಾದ್ಮೇಲೆ ಮಗುನ ಎತ್ಕೊಂಡು ಆಚೆ ಹೋಗೋದು ನಮ್ಮ ಕರ್ತವ್ಯ, ಅದ್ರಲ್ಲಿ ಅವಮಾನ ಏನೂ ಇಲ್ಲ. ನಿಮ್ಮನೆಯವ್ರಿಗೆ ಹೇಳಿ, ಐದು ವರ್ಷದ ತನಕ ಹೋಟೆಲ್ ಮುಖಾನೇ ನೋಡದ ಮಗು ಐದನೇ ವರ್ಷದಲ್ಲೂ ಮೊದಲನೇ ದಿನಾನೇ ಅನುಭವಿಸ್ಬೇಕು. 2020ರಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಲಾಕ್‌ಡೌನ್‌ನಿಂದ ಜನಾನೇ ನೋಡದೆ ಬೆಳೆದು ಮೊದಲ ಸಲ ಹೋಟೆಲ್‌ಗೆ ಬಂದಾಗ ಆ ಗಲಾಟೆಗೇ ಹೆದರಿ ಅಳ್ತಿದ್ವು. ಮೊದ್ಲು ಇಡ್ಲಿ-ಕಾಫಿ ಹೋಟೆಲ್‌ಗೆ ಕರ್ಕೊಂಡು ಹೋಗಿ, 20 ನಿಮಿಷದಲ್ಲಿ ಎದ್ದು ಬನ್ನಿ. ಹಂಗೆ ನಾಲ್ಕು ಸಲ ಆದ್ಮೇಲೆ ದೊಡ್ಡ ಊಟ. ಮುಂದಿನ ವರ್ಷ ಮದುವೆ ದಿನಕ್ಕೆ ಅದೇ ರೆಸ್ಟೋರೆಂಟ್‌ಗೇ ಹೋಗಿ.

ಪ್ರಶ್ನೆ: ಮೇಡಂ, ಕುಶಾಲನಗರದಲ್ಲಿ ಹೈವೇ ಪಕ್ಕ ನಮ್ಮದು ಊಟದ ಹೋಟೆಲ್. ಶನಿವಾರ ಭಾನುವಾರ ಟೂರಿಸ್ಟ್ ಫ್ಯಾಮಿಲಿಗಳು ಜಾಸ್ತಿ. ಮಕ್ಕಳು ಟೇಬಲ್ ಮಧ್ಯೆ ಓಡಾಡ್ತವೆ, ಅಪ್ಪ-ಅಮ್ಮ ಫೋಟೋ ನೋಡ್ತಾ ಕೂತಿರ್ತಾರೆ. ನಮ್ಮ ಹುಡುಗ್ರು ಏನಾದ್ರೂ ಅಂದ್ರೆ ಜಗಳಕ್ಕೇ ಬರ್ತಾರೆ, ಎದ್ದು ಹೋಗ್ತಾರೆ. ಸುಮ್ಮನಿದ್ರೆ ನಂಗೆ ಭಯ. ಏನ್ ಮಾಡ್ಲಿ?

ಉತ್ತರ: ನಿಮ್ಮ ಭಯ ಸರಿಯಾಗೇ ಇದೆ ಸರ್. ನಮ್ಮ ಹೋಟೆಲ್‌ನಲ್ಲಿ ನಡೆದಿದ್ದು ಹೇಳ್ತೀನಿ. ಒಂದು ಭಾನುವಾರ ಮಧ್ಯಾಹ್ನ, ಜೂನ್ ತಿಂಗಳು, ಹೊರಗೆ ಒಂದೇ ಸಮ ಮಳೆ, ಒಳಗೆ ಬಂದೋರೆಲ್ಲರ ಛತ್ರಿ ನೀರು ನೆಲದ ಮೇಲೆ. ಸಪ್ಲೈಯರ್ ಹುಡುಗ ಅಡುಗೆಮನೆಯಿಂದ ಸಾಂಬಾರ್ ಬಕೆಟ್ ಹಿಡ್ಕೊಂಡು ಬರ್ತಿದ್ದಾನೆ, ಕೈ ತೊಳೆಯೋ ಜಾಗದಿಂದ ನಾಲ್ಕು ವರ್ಷದ ಒಂದು ಗಂಡು ಮಗು ಓಡಿ ಬಂತು. ನಾನು ಗಲ್ಲಾದಿಂದ ನೋಡ್ತಾನೇ ಇದ್ದೀನಿ, ಬಾಯಿಂದ ಮಾತೇ ಬರ್ಲಿಲ್ಲ. ಆ ಹುಡುಗ ಮಗು ತಲೆ ಮೇಲೆ ಬೀಳದ ಹಂಗೆ ಬಕೆಟ್‌ನ ತನ್ನ ಎದೆ ಕಡೆ ಎಳ್ಕೊಂಡ. ಸಾಂಬಾರ್ ಅವನ ಎಡಗೈ ಮೇಲೆ, ಮಣಿಕಟ್ಟಿಂದ ಮೊಣಕೈವರೆಗೂ ಸುರೀತು. ಮಗುಗೆ ಒಂದು ಹನೀನೂ ತಾಗ್ಲಿಲ್ಲ. ಮಗು ತಾಯಿ ಓಡಿ ಬಂದು ಆ ಹುಡುಗನ ಕಾಲು ಹಿಡ್ಕೊಳ್ಳೋಕೆ ಹೋದ್ರು. ಆ ಕಲೆ ಅವನ ಕೈ ಮೇಲೆ ಈಗ್ಲೂ ಇದೆ, ಹೋದ ಪುತ್ತರಿ ಹಬ್ಬಕ್ಕೆ ಮನೆಗೆ ಬಂದಿದ್ದ, ನೋಡಿದೆ.

ಅವತ್ತಿಂದ ನಾನು ಕಲಿತಿದ್ದು, ಅಪ್ಪ-ಅಮ್ಮಂಗೆ ಗಲಾಟೆ ಬಗ್ಗೆ ಹೇಳ್ಬಾರ್ದು, ಬಿಸಿ ಬಗ್ಗೆ ಹೇಳ್ಬೇಕು. "ನಿಮ್ಮ ಮಗು ಗಲಾಟೆ ಮಾಡ್ತಿದೆ" ಅಂದ್ರೆ ಅವ್ರಿಗೆ ಸಿಟ್ಟು ಬರುತ್ತೆ, "ಸರ್, ಬಿಸಿ ಸಾಂಬಾರ್ ಓಡಾಡ್ತಿದೆ, ಪಾಪು ಕೈ ಹಿಡ್ಕೊಳ್ಳಿ" ಅಂದ್ರೆ ತಕ್ಷಣ ಎದ್ದು ಬರ್ತಾರೆ. ಅದೇ ಮಾತು ಹುಡುಗ್ರಿಗೆ ಬಾಯಿಪಾಠ ಮಾಡಿಸಿ. ಕೇಳಲಿಲ್ಲ ಅಂದ್ರೆ ನೀವೇ ಗಲ್ಲಾದಿಂದ ಎದ್ದು ಹೋಗಿ ಹೇಳಿ, ಯಜಮಾನ್ರು ಎದ್ದು ಬಂದ್ರೆ ಅದಕ್ಕೆ ಬೆಲೆ ಬೇರೆ. ಅದಕ್ಕೂ ಎದ್ದು ಹೋಗೋ ಗಿರಾಕಿ ಹೋಗ್ಲಿ ಬಿಡಿ ಸರ್, ಮಗುಗೆ ಸುಟ್ಟ ಗಾಯ ಆಗೋದಕ್ಕಿಂತ ಆ ಬಿಲ್ ದೊಡ್ಡದಲ್ಲ.

ಆ ಮಕ್ಕಳ ಕಡೆಯಿಂದಾನೂ ಯೋಚನೆ ಮಾಡಿ. ಬೆಂಗಳೂರಿಂದ ಮಡಿಕೇರಿಗೆ ಸುಮಾರು 250 ಕಿಲೋಮೀಟರ್, ಟ್ರಾಫಿಕ್ ಎಲ್ಲ ಸೇರಿ 5-6 ಗಂಟೆ, ನಮ್ಮ ಜಿಲ್ಲೆಗೆ ರೈಲಂತೂ ಇಲ್ಲ, ಎಲ್ರೂ ಕಾರಲ್ಲೇ ಬರೋದು. ಕುಶಾಲನಗರ ಮುಟ್ಟೋ ಹೊತ್ತಿಗೆ ಆ ಮಗು ನಾಲ್ಕು ಗಂಟೆಗಿಂತ ಜಾಸ್ತಿ ಒಂದೇ ಸೀಟಲ್ಲಿ ಕಟ್ಟಿ ಹಾಕಿದ ಹಂಗೆ ಕೂತಿರುತ್ತೆ. ಇಳಿಸಿದ ತಕ್ಷಣ ಇನ್ನೊಂದು ಕುರ್ಚಿ ಮೇಲೆ ಕೂರಿಸಿ ಸುಮ್ನಿರು ಅಂದ್ರೆ ಹೆಂಗಿರುತ್ತೆ? ಟೂರಿಸ್ಟ್ ಆಗಿ ಬರೋ ಅಪ್ಪ-ಅಮ್ಮಂದಿರು ಇದನ್ನ ಓದ್ತಿದ್ರೆ ಕೇಳ್ಕೊಳ್ಳಿ, ಊಟಕ್ಕಿಂತ ಮೊದ್ಲು ಅರ್ಧ ಗಂಟೆ ಮಕ್ಕಳನ್ನ ಓಡೋಕೆ ಬಿಡಿ, ಕುಶಾಲನಗರದಲ್ಲಿ ನಿಸರ್ಗಧಾಮದ ಬಿದಿರು ಮೆಳೆ ಇದೆ, ಮಡಿಕೇರೀಲಿ ಕೋಟೆ ಒಳಗೆ ಗಾರೆಯಲ್ಲಿ ಮಾಡಿರೋ ಎರಡು ದೊಡ್ಡ ಆನೆಗಳಿವೆ, ಮಕ್ಕಳು ಅದರ ಕಾಲ ಕೆಳಗೆ ನಿಂತು ತಲೆ ಎತ್ತಿ ನೋಡೋದೇ ಒಂದು ಚೆಂದ. ಅಲ್ಲಿ ಓಡಿ ಸುಸ್ತಾಗಿ ಬಂದ ಮಗು ತಾನಾಗೇ ತಟ್ಟೆ ಮುಂದೆ ಕೂರುತ್ತೆ.

ನೀವು ಮಾಡ್ಬಹುದಾದ್ದು ಇನ್ನೂ ಕೆಲವು ಇದೆ. ಮಕ್ಕಳಿರೋ ಫ್ಯಾಮಿಲಿನ ಅಡುಗೆಮನೆ ಬಾಗಿಲಿಂದ ದೂರ, ಗೋಡೆ ಪಕ್ಕದ ಟೇಬಲ್‌ಗೆ ಕಳಿಸಿ, ಮಗುನ ಗೋಡೆ ಕಡೆ ಕೂರಿಸೋಕೆ ಹೇಳಿ. ಟೇಬಲ್ ಮೇಲೆ ಬಟ್ಟೆ ಹಾಸ್ಬೇಡಿ, ಸಣ್ಣ ಮಕ್ಕಳು ಅದನ್ನ ಹಿಡಿದು ಎಳೀತಾವೆ, ಮೇಲಿರೋ ಕಾಫಿ ಮುಖದ ಮೇಲೆ. ಹಳೇ ಬಿಲ್ ಬುಕ್ ಹಾಳೆ ಹಿಂದೆ ಖಾಲಿ ಇರುತ್ತಲ್ಲ, ಅದನ್ನ ಕತ್ತರಿಸಿ ಎರಡು ಕ್ರಯಾನ್ ಜೊತೆ ಕೊಡಿ, ದೊಡ್ಡ ಖರ್ಚೇನಲ್ಲ. ಕೈ ತೊಳೆಯೋ ಜಾಗದಲ್ಲಿ ಒಂದು ಗಟ್ಟಿ ಸ್ಟೂಲ್ ಇಡಿ. ಬೇಬಿ ಚೇರ್ ಇಟ್ರೆ ಅದರ ಬೆಲ್ಟ್ ಸರಿ ಇದ್ಯಾ ಅಂತ ವಾರಕ್ಕೊಂದ್ ಸಲ ನೋಡಿ.

ಸುಟ್ಟ ಗಾಯದ ಬಗ್ಗೆ ಎಲ್ರೂ ತಿಳ್ಕೊಂಡಿರ್ಬೇಕು. ಮಕ್ಕಳ ಚರ್ಮ ನಮ್ಮದಕ್ಕಿಂತ ತೆಳು, ಕಾಫಿ ಲೋಟ ಇಟ್ಟು 15 ನಿಮಿಷ ಆಗಿದ್ರೂ ಮಗು ಕೈ ಸುಡೋಷ್ಟು ಬಿಸಿ ಅದ್ರಲ್ಲಿ ಇರ್ಬಹುದು. ಬಿದ್ರೆ ಮೊದ್ಲು ಬಿಸಿ ತಾಗಿದ ಬಟ್ಟೆ ತೆಗೀರಿ, ಚರ್ಮಕ್ಕೆ ಅಂಟಿದ್ರೆ ಎಳೀಬೇಡಿ, ಬಳೆ-ದಾರ ಇದ್ರೆ ಬಿಚ್ಚಿ, ಗಾಯಾನ ಹರಿಯೋ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ, ಗಡಿಯಾರ ನೋಡ್ಕೊಂಡೇ ಹಿಡೀರಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಇಂಕ್ ಬೇಡ, ತುಪ್ಪಾನೂ ಬೇಡ. ನಮ್ಮ ಚಳೀಲಿ ಮಗು ಉಳಿದ ಮೈಗೆ ಬೆಚ್ಚಗೆ ಶಾಲು ಸುತ್ತಿ. ಆಮೇಲೆ ಆಸ್ಪತ್ರೆ.

ಪ್ರಶ್ನೆ: ಮಗು ಗಾಜಿನ ಲೋಟ ಒಡೆದ್ರೆ ದುಡ್ಡು ಕೊಡ್ಬೇಕಾ? ಸೋಮವಾರಪೇಟೆಯಿಂದ ಒಬ್ಬರು.

ಉತ್ತರ: ಕೊಡ್ತೀನಿ ಅಂತ ಕೇಳಿ. ನಾನಂತೂ ಯಾವತ್ತೂ ತಗೊಂಡಿಲ್ಲ, ಕೇಳಿದ್ರಲ್ಲ ಅನ್ನೋದೇ ಸಮಾಧಾನ. ಮೊದ್ಲು ಮಗುನ ಎತ್ಕೊಳ್ಳಿ, ಚೂರುಗಳನ್ನ ನೀವು ಬರಿಗೈಯಲ್ಲಿ ಮುಟ್ಟೋಕೆ ಹೋಗ್ಬೇಡಿ, ಕ್ಲೀನರ್‌ನ ಕರೀರಿ. ಆದ್ರೆ ಟೇಬಲ್ ಕೆಳಗೆ ಬಿದ್ದ ಅನ್ನದ ಮುದ್ದೆ, ತುಳಿದ ಹಪ್ಪಳ, ಅದನ್ನ ಹೋಗೋ ಮೊದ್ಲು ಒಂದು ಟಿಶ್ಯೂಲಿ ನೀವೇ ಎತ್ತಿದ್ರೆ ಆ ಕ್ಲೀನರ್ ಹೆಂಗಸಿನ ಸೊಂಟಕ್ಕೆ ಒಂದು ಸಲ ಬಗ್ಗೋದು ಉಳಿಯುತ್ತೆ, ಮಗುನೂ ನೋಡ್ಕೊಳ್ಳುತ್ತೆ.

ಪ್ರಶ್ನೆ: ಫೋನ್ ಕೊಟ್ರೆ ನನ್ನ ಮಗಳು (3 ವರ್ಷ) ಒಂದು ಗಂಟೆ ಅಲ್ಲಾಡದೆ ಕೂರ್ತಾಳೆ, ಊಟಾನೂ ಮಾಡ್ತಾಳೆ, ಯಾರಿಗೂ ತೊಂದ್ರೆ ಇಲ್ಲ. ನನ್ನ ಹೆಂಡ್ತಿ ಬೇಡ ಅಂತಾಳೆ. ಯಾರು ಸರಿ ಅಕ್ಕ?

ಉತ್ತರ: ನಿಮ್ಮ ಹೆಂಡ್ತಿ ಸರಿ ತಮ್ಮ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋದು, ಎರಡು ವರ್ಷದ ಒಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವ್ರಿಗೆ ಇಡೀ ದಿನಕ್ಕೆ ಸೇರಿ ಒಂದು ಗಂಟೆ ಮೀರ್ಬಾರ್ದು, ಕಮ್ಮಿ ಆದಷ್ಟೂ ಒಳ್ಳೇದು ಅಂತ. ಒಂದು ಊಟಕ್ಕೇ ಆ ಗಂಟೆ ಮುಗಿದು ಹೋಯ್ತು. ಅದಕ್ಕಿಂತ ನಂಗೆ ನೋವಾಗೋದು ಬೇರೆ. ಫೋನ್ ನೋಡ್ತಾ ತಿನ್ನೋ ಮಗುಗೆ ತಾನು ಏನ್ ತಿಂತಿದ್ದೀನಿ, ಹೊಟ್ಟೆ ತುಂಬ್ತಾ ಇಲ್ವಾ, ಒಂದೂ ಗೊತ್ತಾಗಲ್ಲ, ಬಾಯಿ ಹತ್ರ ತುತ್ತು ಬಂದ್ರೆ ಬಾಯಿ ತೆರೆಯುತ್ತೆ ಅಷ್ಟೇ. ಅವಳು ಮೊದಲ ಸಲ ಕಡಂಬಿಟ್ಟು (ಅಕ್ಕಿ ತರಿ ಉಂಡೆ) ತಿಂದಿದ್ದು, ಪಕ್ಕದ ಟೇಬಲ್ ಅಜ್ಜ ಮೀಸೆ ಒರೆಸ್ಕೊಂಡಿದ್ದು, ಸಪ್ಲೈಯರ್ ಒಂದೇ ಕೈಯಲ್ಲಿ ನಾಲ್ಕು ದೋಸೆ ಪ್ಲೇಟ್ ತಂದಿದ್ದು, ಇದೆಲ್ಲ ನೋಡೋಕೇ ಅಲ್ವಾ ಹೊರಗೆ ಕರ್ಕೊಂಡು ಹೋಗೋದು.

ಆದ್ರೆ ಒಂದು ಮಾತು, ಬಸ್ಸಲ್ಲಿ ವಾಂತಿ ಮಾಡ್ಕೊಂಡು ಸುಸ್ತಾಗಿರೋ ಮಗು, ಜ್ವರ ಬಿಟ್ಟು ಏಳ್ತಿರೋ ಮಗು, ಒಬ್ಬಳೇ ತಾಯಿ ಇಬ್ಬರು ಮಕ್ಕಳ ಜೊತೆ ಬಂದಿದ್ದಾಳೆ, ಅಂಥಾ ಕಡೆ ಹತ್ತು ನಿಮಿಷ ಫೋನ್ ಕೊಟ್ಟಿದ್ದು ನೋಡಿ ನಾನು ಯಾವತ್ತೂ ಮುಖ ಸಿಂಡರಿಸಿಲ್ಲ. ಕೊಡೋದಾದ್ರೆ ಸೌಂಡ್ ಆಫ್ ಮಾಡಿ ಕೊಡಿ. ಮತ್ತೆ ನೀವು ನಿಮ್ಮ ಫೋನ್ ಜೇಬಲ್ಲಿ ಇಡಿ, ಅಪ್ಪನ ಕೈಯಲ್ಲಿ ಇರೋದು ತನಗೆ ಮಾತ್ರ ಯಾಕಿಲ್ಲ ಅಂತ ಮೂರು ವರ್ಷದೋಳು ಕೇಳೇ ಕೇಳ್ತಾಳೆ.

ಪ್ರಶ್ನೆ: ನನಗೆ 68 ವರ್ಷ, ಗೋಣಿಕೊಪ್ಪ ಕಡೆ. ಮಗ-ಸೊಸೆ ಮೈಸೂರಿಂದ ಬಂದಾಗೆಲ್ಲ ಹೊರಗೆ ಊಟಕ್ಕೆ ಕರ್ಕೊಂಡು ಹೋಗ್ತಾರೆ. ಮೊಮ್ಮಕ್ಕಳು (4 ಮತ್ತು 6) ಒಂದು ಕಡೆ ಕೂರಲ್ಲ. ನಮ್ಮ ಕಾಲದಲ್ಲಿ ದೊಡ್ಡೋರು ಕಣ್ಣು ಬಿಟ್ರೆ ಸಾಕಿತ್ತು. ನಾನು ಗದರಿದ್ರೆ ಸೊಸೆ ಮುಖ ಊದಿಸ್ಕೊಳ್ತಾಳೆ, ಊಟಾನೇ ಕೆಟ್ಟು ಹೋಗುತ್ತೆ.

ಉತ್ತರ: ಅಮ್ಮ, ನಿಮ್ಮ ಮಾತು ಓದ್ತಾ ನಮ್ಮ ಅಜ್ಜಿ ಮನೆ ನೆನಪಾಯ್ತು. ಅಲ್ಲಿ ಮಕ್ಕಳಿಗೆ ಮೊದಲ ಪಂಕ್ತಿ, ದೊಡ್ಡೋರ ಊಟ ಶುರು ಆಗೋ ಮೊದ್ಲೇ ನಮ್ಮದು ಮುಗಿದು ನಾವು ಅಂಗಳಕ್ಕೆ ಓಡ್ತಿದ್ವಿ. ಕಣ್ಣು ಬಿಟ್ರೆ ಕೂರ್ತಿದ್ವಿ ಅನ್ನೋದು ನಿಜ, ಆದ್ರೆ ಕೂರ್ಬೇಕಾಗಿದ್ದು ಎಷ್ಟೊತ್ತು? ಹತ್ತು ನಿಮಿಷ. ಒಂದೂವರೆ ಗಂಟೆ ಯಾರೂ ನಮ್ಮನ್ನ ಕೂರಿಸಿರ್ಲಿಲ್ಲ.

ಈಗ್ಲೂ ನೋಡಿ, ಕೊಡವ ಸಮಾಜದಲ್ಲಿ ಮದುವೆ ನಡೀತಿದ್ರೆ ಮಕ್ಕಳು ವಾಲಗ ಕೇಳ್ಕೊಂಡು ಕುಣೀತಾ, ಕುರ್ಚಿ ಸಂದೀಲಿ ನುಗ್ತಾ, ಊಟದ ಸಾಲಲ್ಲಿ ಯಾರದ್ದೋ ಸೀರೆ ಹಿಡ್ಕೊಂಡು ನಿಂತಿರ್ತವೆ, ಯಾರಿಗೂ ಅದು ಗಲಾಟೆ ಅನ್ನಿಸಲ್ಲ. 1997ರಿಂದ ನಡೀತಾ ಬಂದಿರೋ, ಕೊಡವ ಮನೆತನಗಳು ಆಡೋ ಕೌಟುಂಬಿಕ ಹಾಕಿಗೆ ಹೋದ್ರೂ ಹಂಗೇ, ಮೈದಾನದ ಪಕ್ಕ ಊಟದ ಸ್ಟಾಲ್, ಮಕ್ಕಳು ಐಸ್‌ಕ್ಯಾಂಡಿ ಹಿಡ್ಕೊಂಡು ಎಲ್ಲೆಲ್ಲೋ. ಅಲ್ಲಿ ಮಗು ಎಡವಿದ್ರೆ ಎತ್ತೋಕೆ ಹತ್ತು ಜನ ಚಿಕ್ಕಮ್ಮ ದೊಡ್ಡಮ್ಮ ಇದ್ದಾರೆ, ಇದು ಇಂಥವ್ರ ಮನೆ ಮಗು ಅಂತ ಎಲ್ರಿಗೂ ಗೊತ್ತು. ಹೋಟೆಲ್‌ನಲ್ಲಿ ಯಾರಿಗೂ ಗೊತ್ತಿಲ್ಲ, ಓಡಾಡ್ತಿರೋ ಕೈಯಲ್ಲಿ ಬಿಸಿ ಪಾತ್ರೆ ಇದೆ, ಪಕ್ಕದವ್ರು ನಮ್ಮ ನೆಂಟರಲ್ಲ. ಮಕ್ಕಳಿಗೆ ಈ ವ್ಯತ್ಯಾಸ ಯಾರಾದ್ರೂ ಕೂತು ಹೇಳ್ಬೇಕು, ಅದನ್ನ ಅಜ್ಜಿಗಿಂತ ಚೆನ್ನಾಗಿ ಯಾರೂ ಹೇಳಲ್ಲ. ಆದ್ರೆ ಹೋಟೆಲ್‌ನಲ್ಲಿ ಅಲ್ಲ ಅಮ್ಮ, ಮನೇಲಿ, ಹೊರಡೋ ಮೊದ್ಲು, ಮಡಿಲಲ್ಲಿ ಕೂರಿಸ್ಕೊಂಡು. ಎರಡೇ ಮಾತು ಸಾಕು, ಓಡ್ಬಾರ್ದು, ಕೂಗ್ಬಾರ್ದು. ಆರು ವರ್ಷದವ್ರಿಗೆ ಒಂದು ಕೆಲ್ಸಾನೂ ಕೊಡಿ, ಎಲ್ರಿಗೂ ನೀರು ಬಂತಾ ನೋಡೋದು, ತನ್ನ ಆರ್ಡರ್ ತಾನೇ ಸಪ್ಲೈಯರ್‌ಗೆ ಹೇಳೋದು, ತಂದುಕೊಟ್ಟಾಗ ಥ್ಯಾಂಕ್ಸ್ ಅಂಕಲ್ ಅನ್ನೋದು.

ಸೊಸೆ ವಿಷಯ. ಅವಳು ಬಹುಶಃ ಮಗು ಹುಟ್ಟಿದಾಗಿಂದ ಒಂದು ಊಟಾನೂ ಬಿಸಿಬಿಸಿ ತಿಂದಿರಲ್ಲ. ಮುಂದಿನ ಸಲ ಚಿಕ್ಕದು ಕುಣಿಯೋಕೆ ಶುರು ಮಾಡಿದಾಗ ಗದರೋ ಬದ್ಲು "ನೀನು ತಿನ್ನು ಮಗಳೇ, ನಾನು ಇವನನ್ನ ಹೊರಗೆ ಕರ್ಕೊಂಡು ಹೋಗಿ ಬರ್ತೀನಿ" ಅಂತ ಹೇಳಿ ನೋಡಿ. ಆಮೇಲೆ ಅವಳು ನಿಮ್ಮ ಊಟಕ್ಕೆ ಕಾಯ್ತಾಳೆ.

ಪ್ರಶ್ನೆ: ನನಗೆ ಮಕ್ಕಳಿಲ್ಲ, ತೋಟದಲ್ಲಿ ಒಬ್ಬನೇ ಇರೋದು. ತಿಂಗಳಿಗೊಂದು ಸಲ ಪೇಟೆಗೆ ಬಂದು ನೆಮ್ಮದಿಯಾಗಿ ಪಂದಿ ಕರಿ, ಅಕ್ಕಿ ಒಟ್ಟಿ ತಿನ್ನೋಣ ಅಂದ್ರೆ ಮಕ್ಕಳ ಕಿರುಚಾಟ. ಇದನ್ನ ಹೇಳಿದ್ರೆ ನಾನು ಕೆಟ್ಟವನಾ? ಮಕ್ಕಳಿಗೆ ಪ್ರವೇಶ ಇಲ್ಲ ಅನ್ನೋ ಹೋಟೆಲ್ ಇದ್ರೆ ತಪ್ಪೇನು?

ಉತ್ತರ: ಕೆಟ್ಟವರೇನಲ್ಲ ಅಣ್ಣ. ತಿಂಗಳಿಗೊಂದು ಊಟ, ಅದು ಸಮಾಧಾನವಾಗಿ ಆಗ್ಲಿ ಅನ್ನೋದು ನ್ಯಾಯಾನೇ. ರಾತ್ರಿ ಒಂಬತ್ತರ ಮೇಲೆ ಬನ್ನಿ, ಅಥವಾ ವಾರದ ಮಧ್ಯೆ, ಬರ್ತಿದ್ದ ಹಂಗೇ ಮೂಲೆ ಟೇಬಲ್ ಕೊಡಿ ಅಂತ ಕೇಳಿ. ತುಂಬಾ ತೊಂದ್ರೆ ಆದ್ರೆ ಮಾಲೀಕರಿಗೆ ಹೇಳಿ ಟೇಬಲ್ ಬದಲಾಯಿಸ್ಕೊಳ್ಳಿ, ಮಗುಗೆ ನೀವೇ ಹೇಳೋಕೆ ಹೋಗ್ಬೇಡಿ. ಮಕ್ಕಳು ಬೇಡ ಅನ್ನೋ ಹೋಟೆಲ್ ಬಗ್ಗೆ ನನ್ನ ಅಭಿಪ್ರಾಯ, ಮನಸಿಗೆ ಹಿಡಿಸಲ್ಲ, ಆದ್ರೆ ನಡೆಸೋರು ಬುಕಿಂಗ್ ಮಾಡೋವಾಗ್ಲೇ ಫೋನಲ್ಲೇ ಸ್ಪಷ್ಟವಾಗಿ ಹೇಳಿದ್ರೆ ಜಗಳ ಇಲ್ಲ. ಆಗಸ್ಟ್ ಮಳೇಲಿ ನೆನ್ಕೊಂಡು ಹಸಿದ ಮಗು ಎತ್ಕೊಂಡು ಬಾಗಿಲ ತನಕ ಬಂದೋರಿಗೆ ಆಗ ಬೋರ್ಡ್ ತೋರಿಸೋದು ಮಾತ್ರ ಮಾಡ್ಬಾರ್ದು. ಅದನ್ನ ನಾನು ಒಪ್ಪಲ್ಲ.

ಪ್ರಶ್ನೆ: 14 ತಿಂಗಳ ಮಗುಗೆ ಹೋಟೆಲ್‌ನಲ್ಲಿ ಏನ್ ತಿನ್ನಿಸ್ಬಹುದು? ನಮ್ಮ ಕಡೆ ಅಡುಗೆ ಎಲ್ಲಾ ಖಾರ.

ಉತ್ತರ: ನೂಲ್‌ಪುಟ್ಟು (ಅಕ್ಕಿ ಒತ್ತುಶ್ಯಾವಿಗೆ) ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಸಣ್ಣಗೆ ಹರಿದು ಕಾಯಿಹಾಲಲ್ಲಿ ನೆನೆಸಿ ಕೊಟ್ರೆ ತಿನ್ನುತ್ತೆ. ಇಡ್ಲಿ, ಮೆತ್ತಗಿನ ಅನ್ನಕ್ಕೆ ಬೇಳೆ ತಿಳಿ, ಮೊಸರನ್ನದಲ್ಲಿ ಒಗ್ಗರಣೆ ಮೆಣಸಿನಕಾಯಿ ತೆಗೆದು. ಕಡಂಬಿಟ್ಟು ಕೊಡೋದಾದ್ರೆ ಉಂಡೆ ಹಂಗೇ ಕೈಗೆ ಕೊಡ್ಬೇಡಿ, ಅಂಟುತ್ತೆ, ದೊಡ್ಡ ತುಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಪುಡಿ ಮಾಡಿ ಸಾರು ಬೆರೆಸಿ. ಹಪ್ಪಳಾನೂ ಈ ವಯಸ್ಸಿಗೆ ಪೂರ್ತಿ ಬೇಡ, ಸಾರಲ್ಲಿ ಮೆತ್ತಗೆ ಮಾಡಿ ಚೂರು. ಕಡಲೆಬೀಜ, ಇಡೀ ದ್ರಾಕ್ಷಿ, ಗಟ್ಟಿ ಕ್ಯಾಂಡಿ ನಾಲ್ಕು ವರ್ಷದ ತನಕ ಬೇಡವೇ ಬೇಡ, ಬಿಲ್ ಜೊತೆ ಬರೋ ಸೋಂಪು-ಸಕ್ಕರೆ ತಟ್ಟೇಲಿ ಮಕ್ಕಳು ಕೈ ಹಾಕ್ತವೆ, ಅದನ್ನ ದೂರ ಇಡಿ. ನಮ್ಮ ಕೊಡಗಿನ ಜೇನು ಎಷ್ಟೇ ಚೊಕ್ಕ ಆಗಿದ್ರೂ ಒಂದು ವರ್ಷ ತುಂಬೋ ತನಕ ನಾಲಿಗೆಗೆ ಹಚ್ಬಾರ್ದು, ಅಷ್ಟು ಸಣ್ಣ ಮಗು ಕರುಳು ಜೇನಲ್ಲಿ ಇರ್ಬಹುದಾದ ಒಂದು ಬ್ಯಾಕ್ಟೀರಿಯಾನ ತಡ್ಕೊಳ್ಳಲ್ಲ, ನಿಮ್ಮ ಮಗುಗೆ ವರ್ಷ ದಾಟಿದೆ ಪರವಾಗಿಲ್ಲ.

ಗಂಟಲಲ್ಲಿ ಸಿಕ್ಕಿದಾಗ ಮಗು ಜೋರಾಗಿ ಕೆಮ್ತಾ ಇದ್ರೆ ಕೆಮ್ಮೋಕೆ ಬಿಡಿ. ಸದ್ದೇ ಬರ್ತಿಲ್ಲ ಅಂದ್ರೆ ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲ್ಭಾಗದಲ್ಲಿ, ಎರಡು ಭುಜದ ಮೂಳೆ ಮಧ್ಯೆ, ಅಂಗೈ ಬುಡದಿಂದ 5 ಏಟು, ಬರ್ಲಿಲ್ಲ ಅಂದ್ರೆ ಹಿಂದಿನಿಂದ ತಬ್ಬಿ ಹೊಕ್ಕಳಿಗಿಂತ ಸ್ವಲ್ಪ ಮೇಲ್ಗಡೆ ಒಳಗೂ ಮೇಲಕ್ಕೂ 5 ಸಲ ಒತ್ತಿ, ಹಿಂಗೇ ಒಂದಾದ್ಮೇಲೊಂದು. ಒಂದು ವರ್ಷದ ಒಳಗಿನ ಮಗುಗೆ ಹೊಟ್ಟೆ ಒತ್ಬಾರ್ದು, ಮುಂಗೈ ಮೇಲೆ ಬೋರಲಾಗಿ ತಲೆ ಕೆಳಗೆ ಬರೋ ಹಂಗೆ ಮಲಗಿಸಿ ಬೆನ್ನಿಗೆ 5, ಆಮೇಲೆ ತಿರುಗಿಸಿ ಎದೆ ಮಧ್ಯೆ ಎರಡು ಬೆರಳಲ್ಲಿ 5. ಕಾಣದ ವಸ್ತುಗೆ ಬಾಯೊಳಗೆ ಬೆರಳು ಹಾಕಿ ಹುಡುಕ್ಬೇಡಿ, ಇನ್ನೂ ಒಳಗೆ ಹೋಗುತ್ತೆ. ಪಕ್ಕದವ್ರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡ್ಲಿ.

ಪ್ರಶ್ನೆ: ಸುಂಟಿಕೊಪ್ಪದಿಂದ ಬರೀತಿದ್ದೀನಿ. ನನ್ನ ಮಗಳಿಗೆ 6 ವರ್ಷ, ಆಟಿಸಂ ಇದೆ. ಹೋಟೆಲ್‌ನಲ್ಲಿ ಮಿಕ್ಸಿ ಸದ್ದು ಬಂದ್ರೆ ಕಿವಿ ಮುಚ್ಕೊಂಡು ಕಿರುಚ್ತಾಳೆ. ನೋಡೋರು ಹಠಮಾರಿ ಅಂತಾರೆ. ಎಲ್ರಿಗೂ ವಿವರಿಸಿ ವಿವರಿಸಿ ಸಾಕಾಗಿದೆ. ಅವಳಿಗೆ ದೋಸೆ ಅಂದ್ರೆ ಪ್ರಾಣ.

ಉತ್ತರ: ನಿಮ್ಮ ಪತ್ರಾನ ಮೂರು ಸಲ ಓದಿದೆ. ಎಲ್ರಿಗೂ ವಿವರಿಸೋ ಸಾಲ ನಿಮ್ಮ ಮೇಲಿಲ್ಲ. ಆಟಿಸಂ ಇರೋ ಎಷ್ಟೋ ಮಕ್ಕಳಿಗೆ ಸದ್ದು, ಬೆಳಕು, ವಾಸನೆ ನಮಗೆ ತಾಗೋದಕ್ಕಿಂತ ಹತ್ತು ಪಟ್ಟು ಜೋರಾಗಿ ತಾಗೋ ಹಂಗಿರುತ್ತೆ, ಕಿವಿ ಮುಚ್ಕೊಳ್ಳೋದು ಹಠ ಅಲ್ಲ, ಅವಳಿಗೆ ನಿಜವಾಗ್ಲೂ ನೋವಾಗ್ತಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರೋ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ, ಅವಳು ಎಲ್ರ ಹಂಗೆ ಹೋಟೆಲ್‌ನಲ್ಲಿ ಕೂತು ದೋಸೆ ತಿನ್ನೋದನ್ನ ಯಾರೂ ದಯೆ ಅಂತ ಅಂದ್ಕೊಳ್ಳೋ ಹಂಗಿಲ್ಲ.

ಮಧ್ಯಾಹ್ನ ಮೂರೂವರೆ ಸುಮಾರಿಗೆ ಹೋಗಿ, ಊಟ ಮುಗಿದು ಸಂಜೆ ತಿಂಡಿ ಶುರು ಆಗೋ ಮೊದ್ಲು ಹೋಟೆಲ್ ಖಾಲಿ ಇರುತ್ತೆ. ಹಿಂದಿನ ದಿನಾನೇ ಒಬ್ಬರೇ ಹೋಗಿ ಮಾಲೀಕರ ಹತ್ರ ಮಾತಾಡಿ, ನಾಳೆ ಇಂಥಾ ಹೊತ್ತಿಗೆ ಮಗಳನ್ನ ಕರ್ಕೊಂಡು ಬರ್ತೀನಿ, ಹತ್ತು ನಿಮಿಷ ಮಿಕ್ಸಿ, ಟೀವಿ ಆಫ್ ಮಾಡ್ತೀರಾ ಅಂತ. ನನ್ನ ಹತ್ರ ಯಾರಾದ್ರೂ ಹಿಂಗೆ ಬಂದು ಕೇಳಿದ್ರೆ ಅಡುಗೆಮನೆ ಪೂರ್ತಿ ನಿಲ್ಲಿಸ್ತಿದ್ದೆ. ಪ್ರತಿ ಸಲ ಅದೇ ಹೋಟೆಲ್, ಅದೇ ಟೇಬಲ್, ಸಾಧ್ಯ ಆದ್ರೆ ಅದೇ ಸಪ್ಲೈಯರ್. ಮೊದಲ ದಿನ ಬರೀ ಒಳಗೆ ಹೋಗಿ ನೀರು ಕುಡಿದು ಬಂದ್ರೂ ಸಾಕು. ಹೋಟೆಲ್ ಫೋಟೋ ಹಿಂದಿನ ರಾತ್ರಿ ತೋರಿಸಿ, ಇಲ್ಲಿ ಕೂರ್ತೀವಿ, ಇವ್ರು ದೋಸೆ ತರ್ತಾರೆ ಅಂತ. ಸದ್ದು ತಡೆಯೋ ಇಯರ್‌ಮಫ್ ಸಿಗುತ್ತೆ, ಹೆಡ್‌ಫೋನ್ ಥರ ಕಿವಿ ಪೂರ್ತಿ ಮುಚ್ಚುತ್ತೆ, ಅದನ್ನ ಮೊದ್ಲು ಮನೇಲಿ ಹಾಕಿ ಅಭ್ಯಾಸ ಮಾಡಿಸಿ. ಯಾರಾದ್ರೂ ಏನಾದ್ರೂ ಅಂದ್ರೆ ನೀವು ಅವ್ರ ಕಡೆ ತಿರುಗ್ಬೇಡಿ, ಮಗಳ ಕಡೆ ನೋಡಿ, ಉಳಿದಿದ್ದು ಮಾಲೀಕರು ನೋಡ್ಕೊಳ್ಳಲಿ.

ಕುಶಾಲನಗರದ ಹೋಟೆಲ್‌ನವರು ಮೇಲೆ ಪತ್ರ ಬರೆದಿದ್ದಾರಲ್ಲ, ಅವ್ರಿಗೆ ನಿಮ್ಮ ಪತ್ರ ಓದಿ ಹೇಳಿದೆ ಫೋನಲ್ಲಿ. ಮಂಗಳವಾರ ಮಧ್ಯಾಹ್ನ ನಮ್ಮಲ್ಲಿ ಯಾರೂ ಇರಲ್ಲ, ಕರ್ಕೊಂಡು ಬರೋಕೆ ಹೇಳಿ ಅಂದ್ರು. ಅವ್ರ ನಂಬರ್ ನಿಮ್ಮ ವಿಳಾಸಕ್ಕೆ ಕಳಿಸಿದ್ದೀನಿ. ಹೋಗಿ ಬಂದ್ಮೇಲೆ ಅವಳಿಗೆ ಸಾದಾ ದೋಸೆ ಇಷ್ಟ ಆಯ್ತಾ, ಮಸಾಲೆ ಇಷ್ಟ ಆಯ್ತಾ, ಬರೀರಿ.